ಆಯ್ತು ಎನ್ನುವ ತನಕ

"ಇನ್ನೊಂದು ಸಲ ತೆಗೀತೀನಿ" ಎಂದು ಅವನು ಮತ್ತೆ ಅಂದಾಗ ಡಾಕ್ಟರಮ್ಮ ಕೈಗೆ ಹಾಕಿಕೊಂಡಿದ್ದ ನೀಲಿ ಗ್ಲೌಸನ್ನು ಒಂದೊಂದೇ ಬೆರಳಿನಿಂದ ಕಳಚಿ ಮೇಜಿನ ಮೇಲಿಟ್ಟಳು. ಆ ಇಡುವುದರಲ್ಲೇ ಬೇಕಾದಷ್ಟು ಮಾತಿತ್ತು. ಅವಳು ನಿಜವಾದ ಡಾಕ್ಟರೇನಲ್ಲ. ಸೀಳಿದ ಕ್ಯಾನ್ವಾಸು, ಹಕ್ಕಳೆ ಎದ್ದ ಬಣ್ಣ, ಹುಳ ಹಿಡಿದ ಚೌಕಟ್ಟು ಇಂಥವಕ್ಕೆ ಉಪಚಾರ ಮಾಡುವುದು ಅವಳ ಕೆಲಸವಾದ್ದರಿಂದ ಮ್ಯೂಸಿಯಮ್ಮಿನವರು ಆ ಹೆಸರಿಟ್ಟಿದ್ದರು. ಇವನು ಅಲ್ಲಿ ಫೋಟೋ ತೆಗೆಯುವವನು. ಮನುಷ್ಯರ ಫೋಟೋ ಅಲ್ಲ. ಮಡಕೆ, ನಾಣ್ಯ, ಕತ್ತಿಯ ಹಿಡಿ, ಚಿತ್ರಪಟ, ಒಮ್ಮೊಮ್ಮೆ ಯಾವುದೋ ಕಾಲದ ಯಾರದೋ ದವಡೆ. ಆ ಕಟ್ಟಡದಲ್ಲಿ ಯಾವ ವಸ್ತುವೇ ಆಗಲಿ, ಅದು ಇದ್ದ ಹಾಗೆ ಅದರ ಫೋಟೋ ಆಗುವ ತನಕ ಯಾರೂ ಅದಕ್ಕೆ ಕೈ ಹಚ್ಚುವಂತಿಲ್ಲ. ಮೊಳೆ ಕೀಳುವಂತಿಲ್ಲ, ಧೂಳು ಒರೆಸುವಂತಿಲ್ಲ, ಡಾಕ್ಟರಮ್ಮನ ಹತ್ತಿಯ ಕಡ್ಡಿ ಅದರ ಹತ್ತಿರವೂ ಸುಳಿಯುವಂತಿಲ್ಲ. ಅವನು ಕ್ಯಾಮೆರಾದಿಂದ ತಲೆಯೆತ್ತಿ "ಆಯ್ತು" ಅನ್ನಬೇಕು. ಇಷ್ಟು ವರ್ಷ ಆ ಮಾತನ್ನು ಅವನು ಬಸ್ಸಿನ ಕಂಡಕ್ಟರು ರೈಟ್ ಅನ್ನುವ ಹಾಗೆ, ಎದುರಿಗಿದ್ದದ್ದರ ಕಡೆ ನೋಡದೆಯೇ ಅಂದುಕೊಂಡು ಬಂದಿದ್ದ. ಇವತ್ತು ಬೆಳಿಗ್ಗೆಯಿಂದ ಅದು ಬಾಯಿಗೆ ಬರುತ್ತಿರಲಿಲ್ಲ.

ಎದುರಿಗೆ ಸ್ಟ್ಯಾಂಡಿನ ಮೇಲೆ ಇದ್ದದ್ದು ಮಾಮೂಲಿ ಗಾತ್ರದ ಒಂದು ತೈಲಚಿತ್ರ. ಅದರ ಚೌಕಟ್ಟು ಮಾತ್ರ ಮಾಮೂಲಿಯದಲ್ಲ. ಮರದಲ್ಲಿ ಕೆತ್ತಿದ ದ್ರಾಕ್ಷಿ ಗೊಂಚಲು, ಬಳ್ಳಿ, ಎಲೆಯ ಸಂದಿಯಲ್ಲಿ ಇಣುಕುವ ಹಕ್ಕಿ, ಮೇಲೆ ಹಳೆಯ ಚಿನ್ನದ ರೇಕು. ಆ ಚೌಕಟ್ಟು ಈಗ ಇನ್ನೊಂದು ಚಿತ್ರಕ್ಕೆ ಬೇಕಾಗಿತ್ತು. ದೊಡ್ಡ ಹೆಸರಿನ ಕಲಾವಿದನೊಬ್ಬ ಬರೆದದ್ದು, ಬರುವ ಪ್ರದರ್ಶನಕ್ಕೆ ಚೌಕಟ್ಟಿಲ್ಲದೆ ಬರಿಮೈಯಲ್ಲಿ ಬಂದು ಕೂತಿತ್ತು, ಅಳತೆ ಸರಿಯಾಗಿ ಹೊಂದುತ್ತಿತ್ತು. ಚೌಕಟ್ಟು ಬಿಚ್ಚಿದ ಮೇಲೆ ಒಳಗಿನ ಚಿತ್ರ ಅಭ್ಯಾಸದ ರಾಶಿಗೆ. ಅಭ್ಯಾಸದ ರಾಶಿ ಎಂದರೆ ಕೆಳಗಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ, ಯಾರಿಗೂ ಬೇಡವಾದ ಕ್ಯಾನ್ವಾಸುಗಳು. ಕೆಲಸ ಕಲಿಯಲು ಬರುವವರು ಅವುಗಳ ಮೇಲೆ ದ್ರಾವಣ ಸವರಿ ಯಾವುದು ಎಷ್ಟು ಬಣ್ಣ ತಿನ್ನುತ್ತದೆ ನೋಡುತ್ತಾರೆ, ಬೇಕೆಂದೇ ಹರಿದು ಹೊಲಿಯುತ್ತಾರೆ. ಎಷ್ಟೋ ಸಲ ಅವನೇ ಅವುಗಳ ಫೋಟೋ ತೆಗೆದಿದ್ದ. ಒಬ್ಬ ಸೇನಾಪತಿಯ ಎರಡೂ ಕಣ್ಣನ್ನು ಹತ್ತಿಯಲ್ಲಿ ಒರೆಸಿ ತೆಗೆದಿದ್ದರು. ಒಂದು ಕುದುರೆಯ ಹೊಟ್ಟೆಯಲ್ಲಿ ಚೌಕ ಚೌಕವಾಗಿ ಕಿಟಕಿ ಕೊರೆದಿದ್ದರು. ಅವುಗಳ ಎದುರು ಅವನಿಗೆ ಏನೂ ಅನ್ನಿಸಿರಲಿಲ್ಲ, ಬೆಳಕು ಎರಡೂ ಕಡೆಯಿಂದ ಸಮವಾಗಿ ಬೀಳುತ್ತಿದೆಯೇ ಎಂಬುದರ ಹೊರತು. ಇವತ್ತಿನ ಚಿತ್ರದಲ್ಲಿ ಒಬ್ಬ ಹೆಂಗಸು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಬೂದು ಶಾಲು, ಕೈ ಎರಡೂ ಶಾಲಿನ ಕೆಳಗೆ. ಅವಳ ಮೊಣಕಾಲಿಗೆ ಒರಗಿಕೊಂಡು ಒಂದು ಮಗು.

ಚಿತ್ರವನ್ನು ದಾಸ್ತಾನಿನಿಂದ ಹೊತ್ತು ತಂದವನು ದಾಸ್ತಾನಿನವನು. ಬಾಯಿ ಸುಮ್ಮನಿರದ ಮನುಷ್ಯ; ಕಪಾಟಿನ ಸಾಮಾನುಗಳ ಜೊತೆ ಇಡೀ ದಿನ ಇರುವವನಿಗೆ ಸಿಕ್ಕಿದವರ ಹತ್ತಿರ ಮಾತಾಡದಿದ್ದರೆ ಊಟ ಸೇರುತ್ತಿರಲಿಲ್ಲ. ಬಟ್ಟೆ ಸರಿಸಿದವನೇ ಸೊಂಟದ ಮೇಲೆ ಕೈಯಿಟ್ಟು ನಿಂತ. "ಇವನಿಗೆ ಕೈ ಬರೆಯೋಕೆ ಬರ್ತಿರಲಿಲ್ಲ ನೋಡಿ, ಶಾಲು ಹೊದಿಸಿ ಪಾರಾಗಿಬಿಟ್ಟಿದಾನೆ" ಎಂದ. ಆಮೇಲೆ ಬಗ್ಗಿ ನೋಡಿ, "ಇದೇನ್ರೀ ಇದು, ಮಗುನಾ ದಿಂಬಾ?" ಎಂದು ಕೇಳಿದ. ಡಾಕ್ಟರಮ್ಮ ನಕ್ಕಳು. ಅವಳು ಸುಲಭವಾಗಿ ನಗುವವಳಲ್ಲ. ಫೋಟೋದವನೂ ನಕ್ಕ. ನಗಬೇಕೆಂದು ನಕ್ಕದ್ದಲ್ಲ, ಇಬ್ಬರು ನಗುವಾಗ ಮೂರನೆಯವನ ಮುಖ ತಾನಾಗಿ ಅಗಲವಾಗುತ್ತದಲ್ಲ, ಹಾಗೆ. ನಕ್ಕು ಮುಗಿದ ಮೇಲೆ ಬಾಯಿಯೊಳಗೆ ಏನೋ ಕಹಿ ಉಳಿಯಿತು. ಏಕೆಂದರೆ ಆ ಹೆಂಗಸು ಅವನ ತಾಯಿ, ಬರೆದವನು ಅವನ ಅಪ್ಪ, ದಿಂಬು ಅವನೇ.

ಅದನ್ನು ಬರೆಯುವಾಗ, ಚಿಕ್ಕವನಾಗಿದ್ದ ಅವನಿಗೆ ನಿಂತು ನಿಂತು ಕಾಲು ಜೋಮು ಹಿಡಿದಿತ್ತು. ಅಲ್ಲಾಡಬೇಡ ಎಂದು ಕ್ಯಾನ್ವಾಸಿನ ಹಿಂದಿನಿಂದ ಅಪ್ಪನ ದನಿ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಮಧ್ಯೆ ಮಧ್ಯೆ ಒಂದು ಕಣ್ಣು ಇಣುಕಿ ಮಾಯವಾಗುತ್ತಿತ್ತು. ಟರ್ಪೆಂಟೈನ್ ವಾಸನೆಗೆ ತಲೆ ಹಗುರಾಗುತ್ತಿತ್ತು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅಕ್ಷರಕ್ಕೆ ಅವನ ಕೈ ಕುದುರಿತ್ತು. ಏಣಿಯ ತುದಿಯಲ್ಲಿ ನಿಂತು, ಗೆರೆ ಹಾಕದೆ, ಬೀದಿಯಗಲದ ಅಕ್ಷರಗಳನ್ನು ಒಂದೇ ಎತ್ತರಕ್ಕೆ ಬರೆದು ಇಳಿಯುತ್ತಿದ್ದ. ಮುಖಕ್ಕೆ ಮಾತ್ರ ಕೈ ಕುದುರಲೇ ಇಲ್ಲ. ಅದು ಅಪ್ಪನಿಗೆ ತಿಳಿದಿತ್ತೋ ಇಲ್ಲವೋ ಹೇಳುವುದು ಕಷ್ಟ. ಹಳೆಯ ಹೋಟೆಲೊಂದನ್ನು ಕೆಡವುವಾಗ ಆ ಚೌಕಟ್ಟು ಸಿಕ್ಕಿತೆಂದು ಹೆಗಲ ಮೇಲೆ ಹೊತ್ತು ತಂದು, ಅದರ ಒಳಗಿನ ಅಳತೆ ತೆಗೆದು, ಅದಕ್ಕೆ ಸರಿಯಾಗಿ ಹೆಂಡತಿ ಮಗನನ್ನು ಕೂರಿಸಿದ್ದ. ಅಮ್ಮ ತೀರಿಹೋದ ಮೇಲೆ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ಅದನ್ನು ಮ್ಯೂಸಿಯಮ್ಮಿಗೆ ಕೊಟ್ಟು ಬಂದ. ತಗೊಂಡರು ಕಣೋ, ಒಂದೇ ಮಾತಿಗೆ ತಗೊಂಡರು ಎಂದು ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ. ಮಗನಿಗೆ ಅಲ್ಲೇ ಕೆಲಸ ಸಿಕ್ಕಿದಾಗ ಅದು ಆ ಚಿತ್ರದ ಪುಣ್ಯ ಎಂದೇ ಅಪ್ಪನ ಲೆಕ್ಕ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಇವನು ಎಲ್ಲ ಗೋಡೆಗಳನ್ನೂ ಹುಡುಕಿದ. ಕೊನೆಗೆ ಅದು ಕೆಳಗೆ ದಾಸ್ತಾನಿನಲ್ಲಿ, ಒಡೆದ ಕನ್ನಡಿಗೂ ಯಾವುದೋ ಮೇಯರನಿಗೂ ಮಧ್ಯೆ, ತಂತಿಯ ಜಾಲರಿಗೆ ಮುಖ ಮಾಡಿ ನಿಂತಿತ್ತು. ಆ ಸಂಜೆ ಅಪ್ಪ ಬಾಗಿಲಲ್ಲೇ ಕೇಳಿದ: "ಯಾರಾದ್ರೂ ನೋಡ್ತಿದ್ರಾ?" ಅವನು ಚಪ್ಪಲಿ ಬಿಡುತ್ತಾ, "ನೋಡ್ತಿದ್ರು" ಎಂದ. ಅಲ್ಲಿಂದ ಇಲ್ಲಿಯ ತನಕ ಅಪ್ಪ ಕೇಳದ ಸಂಜೆಯಿಲ್ಲ, ಅವನು ನೋಡಿದವರ ಬಗ್ಗೆ ಏನಾದರೊಂದು ಹೇಳದ ಸಂಜೆಯಿಲ್ಲ. ತಾನೇ ಬಂದು ನೋಡುತ್ತೇನೆಂದು ಅಪ್ಪ ಹೊರಟಾಗ ಆ ಕಡೆಯ ಕಟ್ಟಡ ರಿಪೇರಿಯಲ್ಲಿದೆ ಎಂದು ತಡೆದ. ರಿಪೇರಿ ಎಷ್ಟು ವರ್ಷ ನಡೆದೀತು ಎಂಬ ಸಂಶಯ ಹುಟ್ಟುವ ಹೊತ್ತಿಗೆ ಅಪ್ಪನ ಮೊಣಕಾಲು ಸುಳ್ಳಿನ ನೆರವಿಗೆ ಬಂತು. ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತುವ ಮಾತೇ ಉಳಿಯಲಿಲ್ಲ. ಅವತ್ತು ಅವನಿಗೆ ನೆಮ್ಮದಿಯಾಗಿತ್ತು. ಅಪ್ಪನ ಕಾಲು ಹೋದದ್ದಕ್ಕೆ ನೆಮ್ಮದಿಪಟ್ಟ ಮಗ ಎಂದು ಅವನು ತನ್ನನ್ನು ತಾನು ಹೊರಗಿನಿಂದ ನೋಡಿಕೊಂಡಿದ್ದ.

"ಕೊಟ್ಟೋರು ಪತ್ತೆ ಇಲ್ಲ" ಎನ್ನುತ್ತಿದ್ದ ದಾಸ್ತಾನಿನವನು. ಬಿಸಾಡುವ ಮುಂಚೆ ಕೊಟ್ಟವರನ್ನು ಕೇಳಬೇಕು, ವಾಪಸು ಬೇಕೆಂದರೆ ಕೊಡಬೇಕು, ಅದು ಪದ್ಧತಿ. "ವಿಳಾಸ ಹಿಡ್ಕೊಂಡು ಹೋದ್ರೆ ಅಲ್ಲಿ ಮನೆನೇ ಇಲ್ಲ, ಕಾರು ನಿಲ್ಲಿಸ್ತಾರೆ. ಹೆಸರೋ, ಊರಿಗೆ ನೂರು ಜನ ಇರ್ತಾರೆ ಆ ಹೆಸರಿನೋರು. ಇಷ್ಟು ಹೊತ್ತಿಗೆ ಹೋಗಿರ್ತಾರೆ ಬಿಡಿ, ಪಾಪ. ಚೌಕಟ್ಟಿಗೋಸ್ಕರ ತಗೊಂಡಿದ್ದು ಅಂತ ಕಾಣತ್ತೆ ಆಗಿನೋರು." ಕ್ಯಾಮೆರಾದ ಹಿಂದೆ ಬಗ್ಗಿದ್ದವನಿಗೆ ತನ್ನ ಕಿವಿ ಬಿಸಿಯಾಗುವುದು ತಿಳಿಯಿತು. ಒಂದೇ ಮಾತು ಸಾಕಿತ್ತು: ನಮ್ಮಪ್ಪ. ಅದನ್ನು ಅಂದುಬಿಟ್ಟರೆ ಚಿತ್ರ ಮನೆಗೆ ಬರುತ್ತದೆ. ಮನೆಗೆ ಬಂದರೆ ಅದು ಇಷ್ಟು ದಿನ ಎಲ್ಲಿತ್ತು ಎಂಬುದೂ ಅದರ ಹಿಂದೆಯೇ ಬರುತ್ತದೆ. ಅನ್ನದಿದ್ದರೆ ಅಮ್ಮ ಕೆಳಗಿನ ಕೋಣೆಗೆ ಹೋಗುತ್ತಾಳೆ, ಅವಳ ಮುಖದ ಮೇಲೆ ಯಾರೋ ಹತ್ತಿ ತಿಕ್ಕಿ ಕಲಿಯುತ್ತಾರೆ. ಅಪ್ಪನಿಗೆ ಏನೂ ತಿಳಿಯುವುದಿಲ್ಲ. ಲೆಕ್ಕ ಹಾಕಿದರೆ ಸುಮ್ಮನಿರುವುದೇ ಸಲೀಸು. ಬೆಳಿಗ್ಗೆ ಬಟ್ಟೆ ಸರಿಸಿದಾಗಲೇ ಹೇಳಿಬಿಟ್ಟಿದ್ದರೆ ಹೇಳಬಹುದಾಗಿತ್ತೇನೋ. ನಕ್ಕ ಮೇಲೆ ಹೇಗೆ ಹೇಳುವುದು? ನಗದಿದ್ದರೆ ಒಂದೇ ನಾಚಿಕೆ ಇರುತ್ತಿತ್ತು, ಈಗ ಎರಡಾದವು.

ಹಾಗಾಗಿ ಅವನು ಅನ್ನುವುದನ್ನೂ ಅನ್ನಲಿಲ್ಲ, ಬಿಡುವುದನ್ನೂ ಬಿಡಲಿಲ್ಲ. ಮೊದಲು ಬಣ್ಣ ಹೋಲಿಸಲು ಚಿತ್ರದ ಪಕ್ಕ ಇಡುವ ಕಾರ್ಡು ಓರೆಯಾಗಿದೆ ಎಂದ. ಆಮೇಲೆ ಎಡಗಡೆಯ ದೀಪ ಹಳದಿಯಾಗುತ್ತಿದೆ ಎಂದ. ಆಮೇಲೆ ರಸ್ತೆಯಲ್ಲಿ ಲಾರಿ ಹೋಗಿ ನೆಲ ಅದುರಿತು ಎಂದ. ಇಷ್ಟು ವರ್ಷದಲ್ಲಿ ಒಂದು ವಸ್ತುವಿನ ಫೋಟೋವನ್ನು ಎರಡನೆಯ ಸಲ ತೆಗೆದವನಲ್ಲ. ಅದೇ ಅವನ ಹೆಮ್ಮೆ, ಇನ್ನಾವುದೂ ಹೆಮ್ಮೆ ಇರಲಿಲ್ಲವಾದ್ದರಿಂದ ಅದು ಸ್ವಲ್ಪ ಜಾಸ್ತಿಯೇ ಇತ್ತು. ಡಾಕ್ಟರಮ್ಮ ಕಂಪ್ಯೂಟರಿನ ಪರದೆಯ ಮೇಲೆ ಅವನು ತೆಗೆದದ್ದನ್ನು ದೊಡ್ಡದು ಮಾಡಿ ನೋಡಿದಳು. ಹೆಂಗಸಿನ ರೆಪ್ಪೆಯ ಒಂದೊಂದು ಕುಂಚದ ಗೆರೆಯೂ ಚೂಪಾಗಿ ಬಂದಿತ್ತು. "ಇದರಲ್ಲಿ ಏನು ತಪ್ಪು ಕಾಣಿಸ್ತಿದೆ ನಿಮಗೆ?" ಎಂದು ಕೇಳಿದಳು. "ಸ್ವಲ್ಪ ಮಬ್ಬು" ಎಂದ ಅವನು. ಅವಳು ಪರದೆಯನ್ನೂ ಅವನನ್ನೂ ನೋಡಿದಳು. "ಕಣ್ಣು ತೋರಿಸ್ಕೊಳ್ಳಿ" ಎಂದಳು, ಬೈಗುಳದ ಹಾಗಲ್ಲ, ನಿಜವಾದ ಡಾಕ್ಟರ ಹಾಗೆ. "ನಿಮ್ಮ ಕೆಲಸಕ್ಕೆ ಕಣ್ಣೇ ಅಲ್ವಾ. ಈ ವಯಸ್ಸಲ್ಲಿ ಎಲ್ಲರಿಗೂ ಆಗತ್ತೆ." ಕಣ್ಣು ಮಂಜಾದವನು ಎಂದು ಕರೆಸಿಕೊಳ್ಳುವುದು ಅಪ್ಪನ ಮಗ ಎಂದು ಕರೆಸಿಕೊಳ್ಳುವುದಕ್ಕಿಂತ ತನಗೆ ಹಗುರಾಗಿ ತೋರಿದ್ದನ್ನು ಅವನು ಗಮನಿಸಿದ. ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು, ಆದರೆ ಅದೂ ಬೇರೆ ಯಾರದೋ ಅಸಹ್ಯವನ್ನು ನೋಡಿದಷ್ಟೇ ದೂರದಲ್ಲಿತ್ತು. "ತೋರಿಸ್ತೀನಿ" ಎಂದ.

ಊಟದ ಬಿಡುವಿನಲ್ಲಿ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದ. ಮನೆಯಲ್ಲಿ ಅಪ್ಪ, ಇವನು ಇಬ್ಬರೇ. ಹಗಲಿನಲ್ಲಿ ಇವನು ಫೋನು ಮಾಡುವ ಅಭ್ಯಾಸವಿಲ್ಲ. "ಏನಾಯ್ತೋ?" ಎಂದು ಅಪ್ಪ ಗಾಬರಿಯಾದ. "ಏನಿಲ್ಲ. ಸುಮ್ನೆ ಕೇಳೋಣ ಅಂತ. ಆ ಚಿತ್ರದಲ್ಲಿ ಅಮ್ಮನ ಕೈ ಯಾಕೆ ಮುಚ್ಚಿದೀಯ?" ಅತ್ತ ಕಡೆ ಅಪ್ಪ ರೇಡಿಯೋ ಸಣ್ಣಗೆ ಮಾಡಿದ. "ಯಾರು ಕೇಳಿದ್ರು?" "ಇಬ್ಬರು ನಿಂತು ನೋಡ್ತಿದ್ರು. ಕೇಳಿದ್ರು." ಇಷ್ಟು ವರ್ಷದಲ್ಲಿ ಅವನು ಅಪ್ಪನಿಗೆ ಆ ಚಿತ್ರದ ಬಗ್ಗೆ ಹೇಳಿದ ಮೊದಲ ನಿಜ ಅದು. ಅಪ್ಪನ ದನಿಗೆ ಜೀವ ಬಂತು. "ನಿಮ್ಮಮ್ಮನಿಗೆ ಸುಮ್ನೆ ಕೂರೋದು ಅಂದ್ರೆ ಹಿಂಸೆ. ನಾನು ಕೂರು ಕೂರು ಅಂತ ಗೋಗರೆದ್ರೆ, ಶಾಲಿನ ಕೆಳಗೆ ಬಟ್ಟಲು ಇಟ್ಕೊಂಡು ಬಟಾಣಿ ಸುಲೀತಿದ್ಲು. ಬರೀತಾ ಇದ್ರೆ ಟಪ್ ಟಪ್ ಅಂತ ಸಿಪ್ಪೆ ಒಡೆಯೋ ಸದ್ದು. ಅವಳು ಹಾಗೆ ಕೂತಿದ್ಲು, ನಾನು ಹಾಗೇ ಬರೆದೆ. ಹೇಳು ಅವರಿಗೆ. ಕೈ ಬರೆಯೋಕೆ ಬರದೆ ಅಲ್ಲ ಅಂತ ಹೇಳು." "ಹೇಳ್ತೀನಿ" ಎಂದ ಅವನು. ಬಟಾಣಿಯ ಸದ್ದನ್ನು ನೆನಪು ಮಾಡಿಕೊಳ್ಳಲು ನೋಡಿದ. ಅವಳ ಮೊಣಕಾಲಿಗೆ ಒರಗಿ ನಿಂತವನು ತಾನೇ ಅಲ್ಲವೇ, ಕೇಳಿಸಿರಬೇಕು. ಏನೂ ನೆನಪಾಗಲಿಲ್ಲ. ಅವಳ ಮೊಣಕಾಲಿನ ಬಿಸಿ ಮಾತ್ರ ನೆನಪಿತ್ತು, ಅದೂ ನೆನಪೋ ಚಿತ್ರ ನೋಡಿ ಮಾಡಿಕೊಂಡದ್ದೋ.

ಮೇಲೆ ಬಂದಾಗ ಸ್ಟುಡಿಯೋದಲ್ಲಿ ಯಾರೂ ಇರಲಿಲ್ಲ. ಬಣ್ಣ ಎಲ್ಲಿ ಸಡಿಲವಾಗಿದೆ ನೋಡಲು ಒಂದು ಉಪಾಯವಿದೆ. ಎದುರಿನ ದೀಪಗಳನ್ನೆಲ್ಲ ಆರಿಸಿ, ಒಂದೇ ದೀಪವನ್ನು ಚಿತ್ರದ ಪಕ್ಕಕ್ಕೆ, ಹೆಚ್ಚುಕಡಿಮೆ ಅದರ ಮೈಗೆ ತಾಗುವಷ್ಟು ಓರೆಯಾಗಿ ಇಡುವುದು. ಎದುರು ಬೆಳಕಿನಲ್ಲಿ ನಯವಾಗಿ ಕಾಣುವುದು ಆಗ ಉಳುಮೆ ಮಾಡಿದ ಹೊಲದ ಹಾಗೆ ಏರುತಗ್ಗು ತೋರಿಸುತ್ತದೆ. ಎಸೆಯುವ ಚಿತ್ರಕ್ಕೆ ಅದು ಬೇಕಿರಲಿಲ್ಲ. ಹೊತ್ತು ಕಳೆಯಬೇಕಿತ್ತಷ್ಟೆ. ಪರದೆ ಎಳೆದು ದೀಪವನ್ನು ಬಲಗಡೆ ಇಳಿಸಿದ. ಕಿಟಕಿ, ಗೋಡೆ, ಅಮ್ಮನ ಮುಖ ಎಲ್ಲ ತೆಳ್ಳಗೆ, ಸಪಾಟಾಗಿ ಇದ್ದವು. ಬೋರ್ಡು ಬರೆಯುವವನು ಬಣ್ಣ ಉಳಿಸಿ ಬರೆದದ್ದು. ಶಾಲಿನ ಹತ್ತಿರ ಬಂದಾಗ ಮಾತ್ರ ಚಿತ್ರ ಇದ್ದಕ್ಕಿದ್ದಂತೆ ಊದಿಕೊಂಡಿತ್ತು. ಬೂದು ಬಣ್ಣದ ಕೆಳಗೆ ಏನೋ ಇತ್ತು. ಒಂದು ಹೆಬ್ಬೆರಳು. ಅದರ ಮೇಲೆಯೇ, ಸ್ವಲ್ಪ ಕೆಳಕ್ಕೆ, ಇನ್ನೊಂದು ಸಲ ಬರೆದ ಅದೇ ಹೆಬ್ಬೆರಳು. ಮಡಚಿದ ಬೆರಳುಗಳ ಗೆಣ್ಣು, ಅದನ್ನು ಹೆರೆದು ತೆಗೆದ ಚೂರಿಯ ಗೀರು, ಹೆರೆದದ್ದರ ಮೇಲೆ ಮತ್ತೆ ಬರೆದ ಅಂಗೈ, ಒಂದರ ಮೇಲೊಂದು, ಎಷ್ಟು ಸಲವೋ. ಬಟಾಣಿ ಇರಲಿಲ್ಲ, ಬಟ್ಟಲೂ ಇರಲಿಲ್ಲ. ಅಮ್ಮ ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದಳು. ಅಪ್ಪ ಅವಳ ಕೈಯನ್ನು ಬರೆದು, ಹೆರೆದು, ಬರೆದು, ಕೈಲಾಗದೆ, ಕೊನೆಗೆ ತನ್ನ ಸೋಲಿನ ಮೇಲೆ ಒಂದು ಶಾಲು ಹೊದಿಸಿದ್ದ. ದಾಸ್ತಾನಿನವನು ಬೆಳಿಗ್ಗೆ ನೋಡಿದೊಡನೆ ಹೇಳಿದ್ದು ಸರಿಯಾಗಿಯೇ ಇತ್ತು.

ಫೋನಿನಲ್ಲಿ ಅಪ್ಪ ಎಷ್ಟು ಸಲೀಸಾಗಿ ಸುಳ್ಳು ಹೇಳಿದ ಎಂದು ಅವನಿಗೆ ಮೊದಲು ಆಶ್ಚರ್ಯವಾಯಿತು. ಸದ್ದು ಸಮೇತ. ಆಮೇಲೆ ದೀಪವನ್ನು ಇನ್ನಷ್ಟು ಹತ್ತಿರ ಸರಿಸಿದ. ಹಗಲೆಲ್ಲ ಏಣಿಯ ಮೇಲೆ ನಿಂತು ಬಂದವನು ರಾತ್ರಿ ಊಟ ಮಾಡಿ, ಕೈ ತೊಳೆದು, ಹೆಂಡತಿಯ ಕೈ ಬರೆಯಲು ಕೂರುತ್ತಿದ್ದ. ಬರುತ್ತಿರಲಿಲ್ಲ. ಅವಳನ್ನು ಮತ್ತೆ ಕೂರಿಸುತ್ತಿದ್ದ. ಅವಳು ಕೂರುತ್ತಿದ್ದಳು. ಮಗ ಎಷ್ಟೋ ದೊಡ್ಡ ಕಲಾವಿದರ ಚಿತ್ರಗಳನ್ನು ಓರೆ ಬೆಳಕಿನಲ್ಲಿ ನೋಡಿದವನು, ಒಂದು ಬೆರಳನ್ನು ಇಷ್ಟು ಸಲ ಬರೆದವರನ್ನು ನೋಡಿರಲಿಲ್ಲ. ದೊಡ್ಡವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ, ನಿಜ. ಆದರೂ ಅವನಿಗೆ ಅಪ್ಪನ ಮೇಲೆ ತುಂಬಾ ಪ್ರೀತಿ ಬಂತು, ಈ ವಯಸ್ಸಿನಲ್ಲಿ ಬರಬಾರದಷ್ಟು.

ಬಾಗಿಲು ತೆರೆದು ಇಬ್ಬರೂ ಒಳಗೆ ಬಂದರು. "ಕತ್ತಲಲ್ಲಿ ಏನ್ ಮಾಡ್ತಿದೀರ?" ಎಂದಳು ಡಾಕ್ಟರಮ್ಮ. "ಇಲ್ಲಿ ಬಂದು ನೋಡಿ" ಎಂದ ಅವನು. ಅವಳು ಬಗ್ಗಿ ನೋಡಿದಳು. ಬೆಳಿಗ್ಗೆಯಿಂದ ಮುಖದ ಮೇಲಿದ್ದ ಬೇಸರ ಹೋಗಿ ಅಲ್ಲಿಗೆ ಕೆಲಸದವಳ ಕುತೂಹಲ ಬಂತು. "ಕೈ ಇದೆ" ಎಂದಳು. "ಒಂದಲ್ಲ, ತುಂಬಾ ಇದಾವೆ. ಅಬ್ಬಾ, ಎಷ್ಟು ಸಲ ಹೆರೆದಿದಾನೆ." ದಾಸ್ತಾನಿನವನು ಅವಳ ಭುಜದ ಮೇಲಿನಿಂದ ಇಣುಕಿದ. ಜೋಕು ಹುಡುಕುತ್ತಿದ್ದಾನೆ ಎಂದು ಇವನು ಕಾದ. "ಪಾಪ, ಭಾಳ ಒದ್ದಾಡಿದಾನೆ" ಎಂದ ದಾಸ್ತಾನಿನವನು, ಮೆಲ್ಲಗೆ. ಅಷ್ಟು ಮೆಲ್ಲಗೆ ಅಂದದ್ದರಿಂದ ಇವನ ಬಾಯಿಂದ ಮಾತು ಹೊರಗೆ ಬಂತು. "ನಮ್ಮಪ್ಪ" ಎಂದ ಅವನು. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಬೇಕಾಯಿತು. "ಬರೆದೋರು ನಮ್ಮಪ್ಪ. ಕೊಟ್ಟೋರೂ ಅವರೇ. ಇದಾರೆ. ಮನೇಲಿದಾರೆ."

ದಾಸ್ತಾನಿನವನು ಸರಸರ ಹೋಗಿ ಪರದೆ ಸರಿಸಿದ, ಬೆಳಕು ಬಂದರೆ ಬೆಳಿಗ್ಗೆ ತಾನು ಅಂದ ಮಾತು ಅಳಿಸಿ ಹೋಗುತ್ತದೆ ಎನ್ನುವ ಹಾಗೆ. "ಬೆಳಿಗ್ಗೆನೇ ಹೇಳಬಾರದಾ ಮಾರಾಯ್ರೆ" ಎಂದ, ಕಿಟಕಿಯ ಕಡೆ ತಿರುಗಿಕೊಂಡೇ. ಡಾಕ್ಟರಮ್ಮನ ಕಣ್ಣು ಚಿತ್ರದ ಹೆಂಗಸಿನಿಂದ ಅವನ ಮುಖಕ್ಕೆ, ಅಲ್ಲಿಂದ ಮಗುವಿಗೆ ಬಂದು ಅಲ್ಲಿ ನಿಲ್ಲದೆ ಚೌಕಟ್ಟಿಗೆ ಜಾರಿತು. ಬೆಳಗಿನ ನಗುವಿನ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಹೆಚ್ಚು ಸಮಾಧಾನವಾಗುತ್ತಿತ್ತು. ಅಪ್ಪಾವ್ರ ಒಂದು ಸಹಿ ಆಮೇಲೆ ತಂದರಾಯಿತು, ಚಿತ್ರ ಇವತ್ತೇ ತಗೊಂಡು ಹೋಗಿ ಎಂದರು. ಅವನು ದೀಪಗಳನ್ನು ಮತ್ತೆ ಎರಡೂ ಕಡೆ ಸಮವಾಗಿ ನಿಲ್ಲಿಸಿ, ಕಾರ್ಡು ಇಟ್ಟು, ಮಾಮೂಲಿನಂತೆ ಒಂದೇ ಒಂದು ಫೋಟೋ ತೆಗೆದ. "ಆಯ್ತು" ಎಂದ. ಡಾಕ್ಟರಮ್ಮ ಗ್ಲೌಸು ಹಾಕಿಕೊಂಡು ಮೊಳೆ ಕೀಳತೊಡಗಿದಳು, ಎಂದಿಗಿಂತ ನಿಧಾನವಾಗಿ.

ಚೌಕಟ್ಟು ಹೋದ ಮೇಲೆ ಚಿತ್ರ ಬಹಳ ಹಗುರಾಗಿತ್ತು. ಕಾಗದ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ಪಕ್ಕದವನ ಮೊಣಕೈ ತಾಗದ ಹಾಗೆ ಎದೆಗವಚಿ ನಿಂತ. ಯಾರೋ ಅದು ಗಾಜೇ ಎಂದು ಕೇಳಿದರು, ಅಲ್ಲ ಎಂದ. ಮನೆ ಹತ್ತಿರವಾಗುತ್ತಾ ಬಂದ ಹಾಗೆ ಇನ್ನೂ ಸುಳ್ಳು ಹೇಳಬಹುದು ಎಂಬುದು ಹೊಳೆಯಿತು. ಗೋಡೆಗೆ ಸುಣ್ಣ ಹೊಡೆಯುತ್ತಿದ್ದಾರೆ, ಅಲ್ಲಿಯ ತನಕ ಎಲ್ಲರ ಚಿತ್ರವನ್ನೂ ಮನೆಗೆ ಕಳಿಸಿದ್ದಾರೆ ಎಂದರೆ ಅಪ್ಪ ನಂಬುತ್ತಾನೆ. ತಿರುವಿನ ಅಂಗಡಿಯ ಹತ್ತಿರ ಬರುವ ಹೊತ್ತಿಗೆ ಆ ಸುಳ್ಳು ಪ್ರತಿದಿನದ ಹಾಗೆ ಸಿದ್ಧವಾಗಿಯೇ ಇತ್ತು.

ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಕಾಗದದ ಸದ್ದಿಗೆ ತಿರುಗಿ, "ಏನೋ ಅದು?" ಎಂದ. ಅವನು ಬಿಚ್ಚಿ ಕುರ್ಚಿಯ ಮೇಲೆ ಒರಗಿಸಿದ. ಅಪ್ಪ ಎದ್ದು, ಗೋಡೆ ಹಿಡಿದುಕೊಂಡು ಬಂದು, ಮಂಜಾದ ಕಣ್ಣಿಗೆ ಕಾಣಲೆಂದು ಮೂಗು ತಾಗುವಷ್ಟು ಬಗ್ಗಿದ. "ಚೌಕಟ್ಟು?" ಎಂದ. "ಅವರಿಗೆ ಬೇಕಂತೆ. ಇಟ್ಕೊಂಡ್ರು." "ಹೂಂ. ಚೌಕಟ್ಟು ಚೆನ್ನಾಗಿತ್ತು." ಅಪ್ಪನ ಬೆರಳು ಅಮ್ಮನ ಕೆನ್ನೆಯ ಮೇಲೆ ಬಂತು. ಮುಟ್ಟಬೇಡ ಎಂಬ ಮಾತು ಮಗನ ಗಂಟಲ ತನಕ ಬಂದು ವಾಪಸು ಹೋಯಿತು. "ಇದನ್ನ ಯಾಕೆ ತಂದೆ? ಗೋಡೆ ಖಾಲಿ ಬಿಡ್ತಾರಾ ಅವರು?"

"ಗೋಡೆ ಮೇಲೆ ಇರಲಿಲ್ಲಪ್ಪ ಅದು."

"ಯಾವಾಗಿಂದ?"

"ಮೊದಲಿಂದ್ಲೂ. ಕೆಳಗೆ ದಾಸ್ತಾನಿನಲ್ಲಿತ್ತು."

ಅಪ್ಪ ಬೆರಳನ್ನು ತೆಗೆದು ಅಂಗಿಗೆ ಒರೆಸಿಕೊಂಡ. ಹೋಗಿ ತನ್ನ ಜಾಗದಲ್ಲಿ ಕೂತ. ಮೊದಲಿಂದ್ಲೂ ಎಂದು ತಾನೂ ಒಮ್ಮೆ ಹೇಳಿ ನೋಡಿದ. ಬೈಯಬಹುದೆಂದು ಮಗ ನಿಂತುಕೊಂಡೇ ಇದ್ದ. "ಹಾಗಾದ್ರೆ ಆ ಮೇಷ್ಟ್ರು?" ಎಂದ ಅಪ್ಪ. "ಮಕ್ಕಳನ್ನ ಕರ್ಕೊಂಬಂದು ಎದುರಿಗೆ ಕೂರಿಸಿ ಇದನ್ನೇ ಬಿಡಿಸೋಕೆ ಹೇಳ್ತಿದ್ರು ಅಂದ್ಯಲ್ಲ."

"ಇಲ್ಲ."

"ಕೋಲೂರ್ಕೊಂಡು ಬರ್ತಿದ್ದ ಮುದುಕ? ತನ್ನ ಹೆಂಡತಿ ಹೀಗೇ ಇದ್ಲು ಅಂತಿದ್ದ."

"ಇಲ್ಲಪ್ಪ." ಆ ಮುದುಕನನ್ನು ಅವನು ಯಾವಾಗ ಹುಟ್ಟಿಸಿದ್ದನೋ ಅವನಿಗೇ ಮರೆತಿತ್ತು.

"ಕೆಂಪು ಕೋಟಿನವಳು?" ಅಪ್ಪನ ದನಿ ಇಳಿಯಿತು. "ಬಾಗಿಲಲ್ಲೇ ನಿಂತು ನೋಡ್ಕೊಂಡು ಹೋಗ್ತಿದ್ಲಲ್ಲ. ಬಸುರಿ ಅಂದಿದ್ದೆ. ಹೆರಿಗೆ ಆಯ್ತೋ ಇಲ್ವೋ, ಆಮೇಲೆ ಬಂದಿದ್ಲಾ ಅಂತ ಕೇಳ್ಬೇಕು ಅಂತ ಇದ್ದೆ."

ಅವನು ತಲೆ ಅಲ್ಲಾಡಿಸಿದ. ಅಪ್ಪನಿಗೆ ಅದು ಕಾಣುವುದಿಲ್ಲ ಎಂದು ನೆನಪಾಗಿ, "ಅವಳೂ ಇಲ್ಲ. ಯಾರೂ ಇರಲಿಲ್ಲ. ಎಲ್ಲಾ ನಾನೇ ಕಟ್ಟಿ ಹೇಳಿದ್ದು" ಎಂದ.

"ಅವಳು ಅಂದಳಂತಲ್ಲ. ಆ ಮಗು, ಬಿಟ್ರೆ ಅಮ್ಮ ಎದ್ದು ಹೋಗ್ತಾಳೇನೋ ಅನ್ನೋ ಹಾಗೆ ಒರಗಿಕೊಂಡಿದೆ ಅಂತ."

"ಅದೂ ನಾನೇ ಅಂದಿದ್ದು."

ಅಪ್ಪ ಚಿತ್ರದ ಕಡೆ ಮುಖ ಮಾಡಿದ. ಅಷ್ಟು ದೂರದಿಂದ ಅವನಿಗೆ ಬೂದು ಕಲೆಯಲ್ಲದೆ ಬೇರೇನೂ ಕಂಡಿರಲಾರದು. "ನಿಂಗೆ ನಾಚಿಕೆ ಆಗ್ತಿತ್ತಾ ನಂದು ಅಂತ ಹೇಳೋಕೆ?" ಎಂದು ಕೇಳಿದ.

"ಆಗ್ತಿತ್ತು. ಇವತ್ತು ಹೇಳಿದೆ."

"ಏನಂದ್ರು?"

ಭಾಳ ಒದ್ದಾಡಿದಾನೆ ಅಂದರು ಎಂದು ಅವನು ಹೇಳಿದ. ಅಪ್ಪ ಅದನ್ನು ಒಪ್ಪಿಕೊಂಡವನಂತೆ ತಲೆದೂಗಿದ. ಬಟಾಣಿಯ ಮಾತು ಅವನೂ ತೆಗೆಯಲಿಲ್ಲ, ಇವನೂ ತೆಗೆಯಲಿಲ್ಲ. ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದರು. ಆ ಸದ್ದು ನಿಂತ ಮೇಲೆ ಅಪ್ಪ, "ಆ ಕೆಂಪು ಕೋಟಿನವಳು ಇದ್ದಿದ್ರೆ ಚೆನ್ನಾಗಿತ್ತು" ಎಂದ.

"ಹೌದು" ಎಂದ ಅವನು. ಅವನಿಗೂ ಹಾಗೇ ಅನ್ನಿಸುತ್ತಿತ್ತು.